ಹೊಸ ಬ್ಯಾಟರಿ ಹಾಕಿದರೂ ಐದು ವಾರ ಜೀಪು ತಳ್ಳಿದ ಕಥೆ

ಮೊನ್ನೆ ಶನಿವಾರ ಬೆಳಗ್ಗೆ ಆರು ಗಂಟೆಗೆ ಕೀ ತಿರುಗಿಸಿದೆ. ಇಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಹಾಕಿ, ಹತ್ತು ಎಣಿಸಿ, ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್) ಹೊಡೆದರೆ ಒಂದೇ ಏಟಿಗೆ ಇಂಜಿನ್ ಹತ್ತಿಕೊಂಡಿತು. ಐದು ವಾರ ಆದಮೇಲೆ ಮೊದಲ ಸಲ, ಯಾರನ್ನೂ ಕೂಗಿ ಕರೆಯದೆ ಜೀಪು ಸ್ಟಾರ್ಟ್ ಮಾಡಿದ್ದು. ಮರೆಯುವ ಮುಂಚೆ ನಡೆದದ್ದನ್ನೆಲ್ಲ ಬರೆದಿಡೋಣ ಅನ್ನಿಸಿತು. ಹಳೆ ಡೀಸೆಲ್ ಜೀಪು ಇಟ್ಟುಕೊಂಡವರು ನನ್ನ ಹಾಗೆ ಹಿಂದುಮುಂದು ನೋಡದೆ ದುಡ್ಡು ಸುರಿಯುವುದು ಬೇಡ ಅಂತ.

ನಮ್ಮದು ಮೂಡಿಗೆರೆ ತಾಲ್ಲೂಕು. ಮನೆಯಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರ್ ಮಣ್ಣು ದಾರಿ, ನಡುವೆ ಒಂದು ಹಳ್ಳ. ಫೋರ್ ವೀಲ್ ಇಲ್ಲದೆ ಮಳೆಗಾಲ ಕಳೆಯುವ ಹಾಗಿಲ್ಲ. ಇರುವುದು 1996ರ ಮಹೀಂದ್ರಾ ಎಂಎಂ 540. 2,112 ಸಿಸಿಯ ಪ್ಯೂಜೋ ಡೀಸೆಲ್ ಇಂಜಿನ್. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂದಿನ ಯಜಮಾನರಿಗೆ ಏನೇನೋ ಶೋಕಿ ಇತ್ತು. ಒತ್ತುವುದಕ್ಕೆ ಹಗುರಾಗಲಿ ಅಂತ ಬ್ರೇಕಿಗೆ ಬೂಸ್ಟರ್ ಕೂರಿಸಿ, ಅದಕ್ಕಾಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಹಿಂದುಗಡೆ ವ್ಯಾಕ್ಯೂಮ್ ಪಂಪ್ (ಗಾಳಿ ಎಳೆಯುವ ಪಂಪ್) ಇರುವಂಥದ್ದು ಹಾಕಿಸಿದ್ದರು. ಹಾಡು ಕೇಳಲು ದೊಡ್ಡ ಸೆಟ್ಟು, ಫಾಗ್ ಲ್ಯಾಂಪು, ಎರಡು ನಮೂನೆಯ ಹಾರ್ನು. ಈ ಶೋಕಿಯ ಬಾಕಿ ತೀರಿಸಿದ್ದು ನಾನು. ಅದು ಮುಂದೆ ಬರುತ್ತೆ.

ಶುರುವಾಗಿದ್ದು ಡಿಸೆಂಬರ್ ಎರಡನೇ ವಾರ. ಕಾಫಿ ಹಣ್ಣು ಕುಯ್ಯುವ ಕಾಲ. ಬೆಳಗ್ಗೆ ಚಳಿ, ಇಬ್ಬನಿ. ಆಳುಗಳನ್ನು ಕರೆತರಲು ಹೊರಟರೆ ಸೆಲ್ಫ್ 'ಊಂ... ಊಂ...' ಅಂತ ಎರಡು ಸಲ ನರಳಿ 'ಟಕ್' ಅಂದು ಸುಮ್ಮನಾಯಿತು. ನಾಲ್ಕೈದು ಸಲ ಹೊಡೆದೆ. ಇಂಜಿನ್ ನಿಲ್ಲಿಸುವುದಕ್ಕೆ ಎಳೆಯುವ ಸ್ಟಾಪ್ ನಾಬ್ ಒಳಗೆ ಹೋಗಿದೆಯಾ ಅಂತ ನೋಡಲು ಅಪ್ಪ ಕೈ ಹಾಕಿದರು.

"ಇದೇನೋ ಇದು, ಬಿಸಿ ಇದೆಯಲ್ಲೋ!"

ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಇಂಜಿನ್ ಬಿಸಿ ಇರಬೇಕು ಅಂದುಕೊಂಡೆ. ಇಂಜಿನ್ ಇನ್ನೂ ಸ್ಟಾರ್ಟೇ ಆಗಿಲ್ಲ, ಬಿಸಿ ಎಲ್ಲಿಂದ ಬರಬೇಕು ಅನ್ನುವುದು ಹೊಳೆಯಲೇ ಇಲ್ಲ. ಅವತ್ತು ಆ ಒಂದು ಮಾತಿನ ಬಾಲ ಹಿಡಿದಿದ್ದರೆ ಹತ್ತು ಸಾವಿರಕ್ಕಿಂತ ಜಾಸ್ತಿ ಉಳಿಯುತ್ತಿತ್ತು.

ಅಪ್ಪನಿಗೆ ಮೊದಲಿನಿಂದ ಒಂದು ಅಭ್ಯಾಸ. ಜೀಪನ್ನು ಯಾವಾಗಲೂ ಕಣದ ಪಕ್ಕದ ಇಳಿಜಾರಿನಲ್ಲೇ ನಿಲ್ಲಿಸುವುದು. ಉರುಳಿಸಿ, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಸಾಕು, ಸ್ಟಾರ್ಟ್. ಆಮೇಲೆ ದಿನವಿಡೀ ಓಡಾಡಿದರೂ ಏನೂ ತೊಂದರೆ ಇಲ್ಲ. ಹಳೆ ಡೀಸೆಲ್ ಇಂಜಿನ್‌ಗಳ ದೊಡ್ಡ ಗುಣವೂ ಇದೇ, ದೊಡ್ಡ ಮೋಸವೂ ಇದೇ. ಪಂಪು, ನಾಝಲ್ ಎಲ್ಲ ಇಂಜಿನ್ ತಿರುಗುವ ಬಲದಲ್ಲೇ ನಡೆಯುತ್ತವೆ. ಪೆಟ್ರೋಲ್ ಗಾಡಿಯ ಹಾಗೆ ಕಿಡಿಗೆ ಕರೆಂಟ್ ಬೇಡ. ನಮ್ಮದರಲ್ಲಿ ನಿಲ್ಲಿಸುವುದಕ್ಕೂ ಕರೆಂಟ್ ಬೇಡ, ಕೇಬಲ್ ಎಳೆದರಾಯಿತು. ಹಾಗಾಗಿ ಡೈನಮೋ ಸತ್ತು ತಿಂಗಳಾದರೂ ಹಗಲು ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಕಡೆ ಆಲ್ಟರ್ನೇಟರ್‌ಗೆ ಎಲ್ಲರೂ ಡೈನಮೋ ಅಂತಲೇ ಹೇಳುವುದು. ನಾನೂ ಹಾಗೇ ಬರೆಯುತ್ತೇನೆ.

ಚಾರ್ಜಿಂಗ್ ಲೈಟ್ ಹತ್ತಲಿಲ್ವಾ ಅಂತ ಕೇಳಬಹುದು. ಇಲ್ಲ. ಯಾಕೆಂದರೆ ಬಲ್ಬೇ ಸುಟ್ಟುಹೋಗಿತ್ತು. ಕೀ ಆನ್ ಮಾಡಿದಾಗ ಆ ಕೆಂಪು ಲೈಟ್ ಹತ್ತಬೇಕು, ಇಂಜಿನ್ ಸ್ಟಾರ್ಟ್ ಆದಮೇಲೆ ಆರಬೇಕು. ಓಡುವಾಗ ಲೈಟ್ ಕಾಣದಿದ್ದರೆ ಎಲ್ಲ ಸರಿ ಇದೆ ಅಂತ ನಾವು ನೆಮ್ಮದಿಯಾಗಿರುತ್ತೇವೆ. ಕೀ ಆನ್ ಮಾಡಿದಾಗ ಅದು ಹತ್ತಿತಾ ಅಂತ ಯಾರು ನೋಡುತ್ತಾರೆ? ಇವತ್ತೇ ಒಮ್ಮೆ ನೋಡಿ. ಇನ್ನೊಂದು ವಿಷಯ. ಇಂಥ ಹಳೆ ಡೈನಮೋಗಳಿಗೆ ಮೊದಲ ಚೂರು ಕರೆಂಟ್ ಹೋಗುವುದೇ ಆ ಬಲ್ಬಿನ ಮೂಲಕ. ಬಲ್ಬ್ ಸುಟ್ಟರೆ ಡೈನಮೋ ಎದ್ದೇಳುವುದಕ್ಕೆ ಸತಾಯಿಸುತ್ತೆ. ಚೆನ್ನಾಗಿ ಕಾಣುತ್ತೆ ಅಂತ ಅಲ್ಲಿ ಎಲ್‌ಇಡಿ ಹಾಕಬೇಡಿ. ಅದರಲ್ಲಿ ಹರಿಯುವ ಕರೆಂಟ್ ಸಾಲುವುದಿಲ್ಲ.

ಎರಡನೇ ದಿನ ಬ್ಯಾಟರಿ ಅಂಗಡಿಗೆ ಹೋದೆ. ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು. ಅಂಗಡಿಯವರು ಇಕ್ಕಳದಂಥ ಲೋಡ್ ಟೆಸ್ಟರ್ ಒತ್ತಿದರು. ಮುಳ್ಳು ದಪ್ಪನೆ ಕೆಂಪಿಗೆ ಬಿತ್ತು. "ಹೋಗಿದೆ ಸಾರ್." ನಾನೂ ತಲೆಯಾಡಿಸಿದೆ. ಹೊಸದು 75 ಆಂಪಿಯರ್ ಅವರ್‌ದು, 7,600 ರೂಪಾಯಿ. ಹಳೆಯದಕ್ಕೆ 1,200 ಕಳೆದು 6,400 ಕೊಟ್ಟೆ. ಬಿಲ್ಲು, ವಾರಂಟಿ ಕಾರ್ಡು ಎರಡಕ್ಕೂ ಜೀಪಿನ ನಂಬರ್ ಬರೆಸಿ ಸೀಲು ಹಾಕಿಸಿಕೊಂಡೆ. ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಆಗ ಗೊತ್ತಿರಲಿಲ್ಲ, ಈಗ ಗೊತ್ತು. ಖಾಲಿಯಾದ ಬ್ಯಾಟರಿಗೆ ಲೋಡ್ ಟೆಸ್ಟರ್ ಒತ್ತಿದರೆ ಒಳ್ಳೆಯದೂ ಫೇಲ್ ಆಗುತ್ತೆ. ಮೊದಲು ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಬೇಕು, ಕೆಲವು ಗಂಟೆ ಬಿಡಬೇಕು, ಆಮೇಲೆ ಪರೀಕ್ಷೆ. ನನ್ನ ಹಳೆ ಬ್ಯಾಟರಿ ನಿಜವಾಗಲೂ ಸತ್ತಿತ್ತೋ, ಸುಮ್ನೆ ಹಸಿದಿತ್ತೋ, ದೇವರಿಗೇ ಗೊತ್ತು. 1,200ಕ್ಕೆ ಕೊಟ್ಟು ಬಂದೆನಲ್ಲ.

ಹೊಸ ಬ್ಯಾಟರಿ ಹಾಕಿದ ಮೇಲೆ ಜೀಪು ಸ್ಟಾರ್ಟ್ ಆಯಿತು. ಸೆಲ್ಫ್ ಮಾತ್ರ ಸ್ವಲ್ಪ ಎಳೆದಾಡಿಕೊಂಡೇ ತಿರುಗುತ್ತಿತ್ತು. ಚಳಿ ಇರಬಹುದು ಅಂದುಕೊಂಡೆವು.

ಐದನೇ ದಿನ ಉಜಿರೆಯಲ್ಲಿ ಒಂದು ಮದುವೆ. ನಾನು, ಭಾವ ಇಬ್ಬರೇ ಹೋಗಿದ್ದು. ಊಟ ಮುಗಿಸಿ, ನೆಂಟರ ಮನೆಗೆ ಹೋಗಿ, ಹೊರಡುವಾಗ ಕತ್ತಲೆ. ಚಾರ್ಮಾಡಿ ಘಾಟಿ ಹತ್ತುವಾಗ ಹೆಡ್‌ಲೈಟ್ ಬೆಳಕು ಹಳದಿಗೆ ತಿರುಗಿದ ಹಾಗೆ ಕಂಡಿತು. ಮಂಜು ಅಂದರು ಭಾವ. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಮಂಜೂ ಇಲ್ಲ, ಬೆಳಕೂ ಇಲ್ಲ. ಚಿಮಣಿ ಬುಡ್ಡಿಯಷ್ಟು ಬೆಳಕು. ಹಾರ್ನ್ ಒತ್ತಿದರೆ ಬೆಕ್ಕು ಮುಲುಗಿದಂಥ ಸದ್ದು. ಇಂಜಿನ್ ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ಗುಡುಗುಡು ಎಳೆಯುತ್ತಿತ್ತು. ಎದುರಿಗೆ ಬಸ್ಸು ಬಂದರೆ ನಾವು ಅವರಿಗೆ ಕಾಣುತ್ತೇವೋ ಇಲ್ಲವೋ. ಭಾವ ಮೊಬೈಲ್ ಟಾರ್ಚ್ ಹಚ್ಚಿ ಕೈ ಹೊರಗೆ ಚಾಚಿ ಕೂತರು. ಕೊನೆಗೆ ಒಂದು ಲಾರಿಯ ಹಿಂದೆ, ಅದರ ಕೆಂಪು ದೀಪ ನೋಡಿಕೊಂಡು ಕೊಟ್ಟಿಗೆಹಾರ ಮುಟ್ಟಿದೆವು. ಇಂಜಿನ್ ಆಫ್ ಮಾಡದೆ, ಒಬ್ಬರು ಜೀಪಿನಲ್ಲಿ ಕೂತು ಒಬ್ಬರು ಕಾಫಿ ಕುಡಿದೆವು. ಕೈ ನಡುಗುತ್ತಿದ್ದದ್ದು ಚಳಿಗೆ ಅಂತ ಇಬ್ಬರೂ ಹೇಳಿಕೊಂಡೆವು.

ಮರುದಿನ ಬ್ಯಾಟರಿ ಪೂರ್ತಿ ಖಾಲಿ. ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋದೆ. "ಎರಡು ದಿನ ಬಿಟ್ಟು ಹೋಗಿ, ಚಾರ್ಜ್ ಮಾಡಿ ನೋಡಬೇಕು" ಅಂದರು. ನಿಯಮ ಅದೇ ಅಂತೆ. ಬದಲಿ ಬ್ಯಾಟರಿ ಕೊಡುವುದಿಲ್ಲ. ಎರಡು ದಿನ ಆದಮೇಲೆ ಹೋದರೆ, "ಬ್ಯಾಟರಿ ಸರಿ ಇದೆ ಸಾರ್, ನಿಮ್ಮ ಡೈನಮೋ ಚಾರ್ಜ್ ಮಾಡ್ತಾ ಇಲ್ಲ. ಹೀಗೇ ಖಾಲಿ ಮಾಡ್ತಾ ಇದ್ರೆ ವಾರಂಟಿ ಬರಲ್ಲ" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಈ ಮಾತನ್ನು ದುಡ್ಡು ಎಣಿಸಿಕೊಳ್ಳುವ ಮುಂಚೆ ಹೇಳಬಹುದಿತ್ತು, ಅಲ್ವಾ?

ಅಲ್ಲಿಂದ ಮಾಮೂಲಿ ಮೆಕ್ಯಾನಿಕ್ ಹತ್ತಿರ. ಅವನು ನಮ್ಮ ಜೀಪಿನ ಇಂಜಿನ್ ಕೆಲಸ ಎಷ್ಟೋ ಸಲ ಮಾಡಿದವನು, ಕೈ ಒಳ್ಳೆಯದು. ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಸಡಿಲ ಮಾಡಿ ಎತ್ತಿಬಿಟ್ಟ. ಇಂಜಿನ್ ನಿಲ್ಲಲಿಲ್ಲ. "ನೋಡಣ್ಣ, ಆಫ್ ಆಗ್ಲಿಲ್ಲ. ಡೈನಮೋ ಸರಿ ಇದೆ. ಸೆಲ್ಫ್ ಕರೆಂಟ್ ಜಾಸ್ತಿ ಎಳೀತಾ ಇದೆ."

ನಂಬಿದೆ. ಸೆಲ್ಫ್ ಬಿಚ್ಚಿ ಬುಷ್, ಕಾರ್ಬನ್ ಬ್ರಷ್ ಹಾಕಿದ. 1,650 ರೂಪಾಯಿ, ಒಂದು ದಿನ.

ಈ ಟರ್ಮಿನಲ್ ಕೀಳುವ ಪರೀಕ್ಷೆ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಊರೂರಲ್ಲೂ ಇದನ್ನೇ ಮಾಡುತ್ತಾರೆ. ಹಿಂದಿನ ಕಾಲದ ಪೆಟ್ರೋಲ್ ಗಾಡಿಯಲ್ಲಿ ಇದಕ್ಕೊಂದು ಅರ್ಥ ಇತ್ತು. ಬ್ಯಾಟರಿ ತೆಗೆದರೂ ಇಂಜಿನ್ ಓಡಿದರೆ ಡೈನಮೋ ಕಿಡಿಗೆ ಕರೆಂಟ್ ಕೊಡುತ್ತಿದೆ ಅಂತ. ನಮ್ಮ ಡೀಸೆಲ್ ಇಂಜಿನ್‌ಗೆ ಕಿಡಿಯೇ ಬೇಡವಲ್ಲ! ಬ್ಯಾಟರಿ ತೆಗೆದರೂ ಓಡುತ್ತೆ, ಡೈನಮೋ ಕಿತ್ತು ಕಣಕ್ಕೆ ಎಸೆದರೂ ಓಡುತ್ತೆ. ಹಾಗಾಗಿ ಈ ಪರೀಕ್ಷೆಯಿಂದ ಗೊತ್ತಾಗುವುದು ಸೊನ್ನೆ. ಅದು ಹೋಗಲಿ, ಡೈನಮೋ ಒಳ್ಳೆಯದಾಗಿದ್ದಿದ್ದರೆ ಕೆಡುವ ಅಪಾಯವೂ ಇತ್ತು. ಚಾರ್ಜ್ ಆಗುತ್ತಿರುವಾಗ ಬ್ಯಾಟರಿಯನ್ನು ತಟ್ಟನೆ ಬಿಡಿಸಿದರೆ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತೆ. ಒಳಗಿನ ಡಯೋಡು (ಕರೆಂಟನ್ನು ಒಂದೇ ಕಡೆಗೆ ಬಿಡುವ ಭಾಗ), ಕಟೌಟು (ವೋಲ್ಟೇಜ್ ಹದ್ದಿನಲ್ಲಿಡುವ ಭಾಗ) ಸುಡುತ್ತವೆ. ಯಾರಾದರೂ ಸ್ಪ್ಯಾನರ್ ಹಿಡಿದು ಓಡುವ ಇಂಜಿನ್ನಿನ ಟರ್ಮಿನಲ್ ಕಡೆ ಹೊರಟರೆ ಕೈ ಹಿಡಿದು ನಿಲ್ಲಿಸಿ. ಮುನಿಸಿಕೊಂಡರೂ ಪರವಾಗಿಲ್ಲ.

ಸೆಲ್ಫ್ ರಿಪೇರಿಯಾಗಿ ನಾಲ್ಕನೇ ದಿನ ಮತ್ತೆ ಅದೇ 'ಊಂ'. ಈ ಸಲ ಜೀಪು ನಿಂತಿದ್ದು ಇಳಿಜಾರಿನಲ್ಲಲ್ಲ, ಹಳ್ಳದ ಆಚೆ ಸಪಾಟಿನಲ್ಲಿ, ಹಿಂದೆ ಹಣ್ಣಿನ ಮೂಟೆ ತುಂಬಿಕೊಂಡು. ಕುಯ್ಲಿನ ಆಳುಗಳು ಆರು ಜನ ತಳ್ಳಿದರು. ಅವರಲ್ಲೊಬ್ಬ ಅಜ್ಜಿ, "ಎತ್ತಾಗಿದ್ರೆ ಹುಲ್ಲಾದ್ರೂ ಹಾಕಬಹುದಿತ್ತು ಕಣಪ್ಪ" ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಜನವರಿಯಲ್ಲಿ ಆರ್‌ಸಿ ರಿನ್ಯೂವಲ್ ಬೇರೆ ಇತ್ತು. 1996ರ ಗಾಡಿ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ಮಾಡಿಸಬೇಕಲ್ಲ. ಲೈಟು, ಹಾರ್ನು, ಇಂಡಿಕೇಟರ್ ಸತ್ತ ಜೀಪನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸುವುದು ಹೇಗೆ?

ಆಗ ಯಾರೋ ಒಬ್ಬ ಹಳೆ ಎಲೆಕ್ಟ್ರಿಷಿಯನ್ ಹೆಸರು ಹೇಳಿದರು. ಆಟೋ ಎಲೆಕ್ಟ್ರಿಕ್ ಕೆಲಸ ಬಿಟ್ಟು ಬೇರೆ ಮುಟ್ಟದ ಮನುಷ್ಯ. ಅರವತ್ತು ದಾಟಿರಬಹುದು. ಬಾನೆಟ್ ಎತ್ತಿಸಿ ಮೊದಲು ಕೇಳಿದ್ದು, "ಚಾರ್ಜಿಂಗ್ ಲೈಟ್ ಹತ್ತುತ್ತಾ ತಮ್ಮಾ?" ಇಲ್ಲ ಅಂದೆ. ಬಲ್ಬ್ ಬದಲಿಸಿದರು, 20 ರೂಪಾಯಿ. ಲೈಟ್ ಹತ್ತಿತು. ಇಂಜಿನ್ ಸ್ಟಾರ್ಟ್ ಆದರೂ ಆರಲಿಲ್ಲ. "ಬಿಚ್ಚಬೇಕು."

ಡೈನಮೋ ಬಿಚ್ಚಿ ಮೇಜಿನ ಮೇಲೆ ಹಳೆ ಪೇಪರ್ ಹಾಸಿ ಇಟ್ಟರು. ಹಿಂದಿನ ವ್ಯಾಕ್ಯೂಮ್ ಪಂಪ್ ಬೇರೆ ಮಾಡಿ, ಕವಚ ಎರಡು ಭಾಗ ಮಾಡಿದಾಗ ಕಪ್ಪು ಎಣ್ಣೆ ಪೇಪರಿನ ಮೇಲೆ ಹರಡಿತು. ಆ ಪಂಪಿಗೆ ಇಂಜಿನ್ನಿನಿಂದ ಎಣ್ಣೆ ಹೋಗುತ್ತೆ. ಪಂಪಿಗೂ ಡೈನಮೋಗೂ ನಡುವೆ ಇರುವುದು ಒಂದು ರಬ್ಬರ್ ಸೀಲ್ ಮಾತ್ರ. ಅದು ಸವೆದು ಎಣ್ಣೆ ಒಳಗೆ ಇಳಿದಿತ್ತು. ಕಾರ್ಬನ್ ಪುಡಿಯ ಜೊತೆ ಸೇರಿ ಕಾಡಿಗೆಯ ಹಾಗೆ ಗಟ್ಟಿಯಾಗಿತ್ತು. ಬ್ರಷ್‌ಗಳು ಅದರಲ್ಲಿ ಅಂಟಿಕೊಂಡು, ತಿರುಗುವ ಭಾಗಕ್ಕೆ ಕರೆಂಟ್ ಒಯ್ಯುವ ಸ್ಲಿಪ್ ರಿಂಗ್ ಮುಟ್ಟುತ್ತಲೇ ಇರಲಿಲ್ಲ. ಕೆಲವೊಮ್ಮೆ ಅದುರಿದಾಗ ಮುಟ್ಟುತ್ತಿದ್ದಿರಬೇಕು.

"ಎಣ್ಣೆ ಕುಡಿದು ಬಿದ್ಕೊಂಡಿದೆ ನೋಡಿ" ಅಂದರು.

ಇಲ್ಲಿ ಒಂದು ಮಾತು. ನಿಮ್ಮ ಗಾಡಿಯ ಡೈನಮೋ ಹಿಂದೆಯೂ ಈ ಪಂಪ್ ಇದ್ದರೆ, ಡೈನಮೋ ಬಿಚ್ಚಿದ ಮೇಲೆ ಬೂಸ್ಟರ್ ಕೆಲಸ ಮಾಡುವುದಿಲ್ಲ, ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತೆ. ಡೈನಮೋ ಮಾತ್ರ ಬಿಚ್ಚಿ ಕೊಟ್ಟು ಜೀಪನ್ನು ಮನೆಗೆ ಓಡಿಸಿಕೊಂಡು ಹೋಗೋಣ ಅಂತ ನಾನೂ ಯೋಚಿಸಿದ್ದೆ. ಅವರು ಕೀ ಕಿತ್ತುಕೊಂಡರು. ಒಳ್ಳೆಯದೇ ಮಾಡಿದರು.

ಸೀಲ್ ಹಾಸನದಿಂದ ಬರಬೇಕಿತ್ತು. ಮೊದಲು ಬಂದದ್ದು ಅಳತೆ ತಪ್ಪು. ಎರಡನೆಯದು ಬರುವಷ್ಟರಲ್ಲಿ ಒಟ್ಟು ನಾಲ್ಕು ದಿನ. ಆ ನಾಲ್ಕು ದಿನ ಹಣ್ಣು ಸಾಗಿಸಲು ಬಾಡಿಗೆ ಪಿಕಪ್, ದಿನಕ್ಕೆ 900. ಬಿಲ್ಲಿನಲ್ಲಿ ಕಾಣದ ಖರ್ಚು ಇದು, ಆದರೆ ಜೇಬಿಗೆ ಗೊತ್ತು. ಸೀಲು, ಬ್ರಷ್, ಎರಡು ಬೇರಿಂಗ್, ಕಟೌಟು, ಕೂಲಿ ಸೇರಿ 3,100 ಆಯಿತು. ಹಳೆ ಬಿಡಿಭಾಗ ಎಲ್ಲ ಒಂದು ಕವರ್‌ನಲ್ಲಿ ಹಾಕಿ ಕೈಗೆ ಕೊಟ್ಟರು. ಕೇಳದೆ ಹೀಗೆ ಕೊಡುವವರನ್ನು ನಾನು ನೋಡಿದ್ದು ಕಡಿಮೆ. ಡೈನಮೋ ಕೂರಿಸಿ, ಅದರ ದಪ್ಪ ವೈರಿನ ಬೋಲ್ಟಿಗೆ ಮೀಟರ್ ಹಿಡಿದು ತೋರಿಸಿದರು. 14.3 ವೋಲ್ಟ್. ಕೆಂಪು ಲೈಟ್ ಆರಿತು. ಮನೆಗೆ ಬಂದು ಪಾಯಸ ಮಾಡಿಸುವುದೊಂದು ಬಾಕಿ.

ಮರುದಿನ ಬೆಳಗ್ಗೆ ಸೆಲ್ಫ್ ಮತ್ತೆ ಎಳೆದಾಡಿತು.

ಹೊಸ ಬ್ಯಾಟರಿ. ಹೊಸ ಬುಷ್ ಹಾಕಿದ ಸೆಲ್ಫ್. ಹೊಸದರಂತಾದ ಡೈನಮೋ. ಇನ್ನೇನು ಬದಲಿಸಲಿ, ಜೀಪನ್ನೇ? ಆ ದಿನ ನಿಜವಾಗಲೂ ಮಾರಿಬಿಡೋಣ ಅನ್ನಿಸಿತ್ತು. ಅಪ್ಪನ ಮುಂದೆ ಹೇಳಲು ಧೈರ್ಯ ಬರಲಿಲ್ಲ, ಅಷ್ಟೇ.

ಮಧ್ಯಾಹ್ನ ಪೇಟೆಗೆ ಹೋಗಿ 450 ರೂಪಾಯಿಯ ಮಲ್ಟಿಮೀಟರ್ ತಂದೆ. ಐದು ವಾರದಲ್ಲಿ ಖರ್ಚು ಮಾಡಿದ್ದರಲ್ಲಿ ಅತ್ಯಂತ ಒಳ್ಳೆಯ ಖರ್ಚು. ಇದನ್ನು ಮೊದಲ ದಿನವೇ ತರಬೇಕಿತ್ತು.

ಇಂಜಿನ್ ಆಫ್ ಇರುವಾಗ, ರಾತ್ರಿಯೆಲ್ಲ ನಿಂತ ಬ್ಯಾಟರಿಗೆ ಮೀಟರ್ ಹಿಡಿದರೆ 12.6 ಬಂದರೆ ತುಂಬಿದೆ ಅಂತ ಅರ್ಥ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಇದ್ದರೆ ಹೆಚ್ಚುಕಡಿಮೆ ಖಾಲಿ. ಓಡಿಸಿ ಬಂದ ಕೂಡಲೇ ಅಳೆಯಬೇಡಿ, ಆಗ 13 ತೋರಿಸಿ ಮೋಸ ಮಾಡುತ್ತೆ. ಇಂಜಿನ್ ಓಡುವಾಗ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದರೆ ಬ್ಯಾಟರಿಯ ಮೇಲೆ 13.8ರಿಂದ 14.4ರ ಒಳಗೆ ಬರಬೇಕು. 15ರ ಹತ್ತಿರ ಹೋದರೆ ಕಟೌಟ್ ಕೆಟ್ಟಿದೆ, ಬ್ಯಾಟರಿಯ ನೀರು ಕುದಿದು ಆರುತ್ತೆ.

ನನ್ನದರಲ್ಲಿ ಹೆಡ್‌ಲೈಟ್ ಹಾಕಿ ನೋಡಿದರೆ ಬ್ಯಾಟರಿಯ ಮೇಲೆ 13.2. ಡೈನಮೋದ ಬೋಲ್ಟಿಗೂ ಅದರ ಮೈಗೂ ಹಿಡಿದರೆ 14.3. ಅದೇ ಡೈನಮೋ, ಅದೇ ಬ್ಯಾಟರಿ, ನಡುವೆ ಮೂರಡಿ ದೂರ ಇಲ್ಲ. 1.1 ವೋಲ್ಟ್ ಎಲ್ಲಿಗೆ ಹೋಯಿತು? ಕಸ ಕಟ್ಟಿದ ಪೈಪಿನಲ್ಲಿ ನೀರಿನ ರಭಸ ಕುಗ್ಗಿದಂತೆ ದಾರಿಯಲ್ಲೇ ಎಲ್ಲೋ ಕುಗ್ಗುತ್ತಿದೆ ಅಂತಾಯಿತು. ಎಲೆಕ್ಟ್ರಿಷಿಯನ್ ಹಿರಿಯರು ಅಳೆದದ್ದು ಡೈನಮೋದ ಹತ್ತಿರ ಮಾತ್ರ. ಅವರ ಕೆಲಸ ಅಲ್ಲಿಗೆ ಸರಿಯಾಗೇ ಮುಗಿದಿತ್ತು.

ಹುಡುಕುವ ಉಪಾಯ ಬಹಳ ಸುಲಭ, ಹೇಳಿಬಿಡುತ್ತೇನೆ. ಇಂಜಿನ್ ಓಡುತ್ತಿರಲಿ, ಲೈಟು ಹಾಕಿರಲಿ. ಮೀಟರ್ ವೋಲ್ಟ್‌ನಲ್ಲೇ ಇರಲಿ. ಒಂದು ಕಡ್ಡಿ ಡೈನಮೋದ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್‌ಗೆ. ನನಗೆ ಬಂದದ್ದು 0.3. ಸ್ವಲ್ಪ ಜಾಸ್ತಿ, ಆದರೂ ಸಹಿಸಬಹುದು. ಆಮೇಲೆ ಒಂದು ಕಡ್ಡಿ ಡೈನಮೋದ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ ಗುಬ್ಬಿಗೆ. ಇದು 0.2 ದಾಟಬಾರದು. ನನಗೆ ಬಂದದ್ದು 0.8.

ಅಂದರೆ ತೊಂದರೆ ಇದ್ದದ್ದು ಅರ್ತ್‌ನಲ್ಲಿ, ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುವ ದಾರಿಯಲ್ಲಿ. ಎಲ್ಲರೂ ಪ್ಲಸ್ ವೈರ್ ನೋಡುತ್ತಾರೆ, ಮೈನಸ್ ಕಡೆ ಯಾರೂ ತಲೆ ಹಾಕುವುದಿಲ್ಲ. ಇನ್ನೂ ತುಂಡು ಮಾಡಿ ಅಳೆದೆ. ಬ್ಯಾಟರಿ ಗುಬ್ಬಿಯಿಂದ ಚಾಸಿಗೆ 0.05. ಚಾಸಿಯಿಂದ ಇಂಜಿನ್ ಬ್ಲಾಕಿಗೆ 0.75. ಸಿಕ್ಕಿತು ಕಳ್ಳ! ಅಪ್ಪನನ್ನು ಕೂರಿಸಿ ಸೆಲ್ಫ್ ಹೊಡೆಸಿ ಅದೇ ಜಾಗದಲ್ಲಿ ಅಳೆದರೆ 2.3 ವೋಲ್ಟ್. ಹನ್ನೆರಡರಲ್ಲಿ ಎರಡೂಕಾಲು ವೋಲ್ಟ್ ಇಲ್ಲೇ ತಿಂದು ಹಾಕಿದರೆ ಸೆಲ್ಫ್ ಪಾಪ ಏನು ಮಾಡೀತು?

ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ಚಾಸಿಗೂ ಅದಕ್ಕೂ ಕರೆಂಟಿನ ದಾರಿ ಒಂದೇ, ತಾಮ್ರದ ಎಳೆ ಹೆಣೆದ ಒಂದು ಚಪ್ಪಟೆ ಅರ್ತ್ ಪಟ್ಟಿ. ಗೋಣಿ ಹಾಸಿಕೊಂಡು ಕೆಳಗೆ ನುಗ್ಗಿದೆ. ಟಾರ್ಚ್ ಬೆಳಕಿಗೆ ಪಟ್ಟಿ ಕಂಡಿತು. ಹಸಿರು ಬಣ್ಣಕ್ಕೆ ತಿರುಗಿದ್ದು ಬಿಟ್ಟರೆ ನೋಡಲು ಸರಿಯಾಗೇ ಇತ್ತು. ಚಾಸಿ ಕಡೆಯ ತುದಿಯ ಮೇಲೆ ಹಲವು ಮಳೆಗಾಲದ ಕೆಸರು ಒಣಗಿ ಹೆಂಟೆ ಕಟ್ಟಿತ್ತು. ಅದನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆದು ಪಟ್ಟಿಯನ್ನು ಮೆಲ್ಲಗೆ ಎಳೆದೆ. ಎಳೆಗಳು ಪುಡಿಪುಡಿಯಾಗಿ ಮುಖದ ಮೇಲೆ ಉದುರಿದವು. ಬೋಲ್ಟಿನ ಹತ್ತಿರ ಹಿಡಿದುಕೊಂಡಿದ್ದು ಒಂದು ಬೆರಳಿನ ಅರ್ಧ ದಪ್ಪದಷ್ಟು ಎಳೆ, ಅಷ್ಟೇ. ಅದರಲ್ಲೇ ಇಷ್ಟು ದಿನ ಸೆಲ್ಫಿನ ನೂರಾರು ಆಂಪಿಯರ್ ನುಸುಳಬೇಕಿತ್ತು.

ನುಸುಳಲು ಆಗದೆ ಉಳಿದ ಕರೆಂಟ್ ಬೇರೆ ದಾರಿ ಹುಡುಕಿಕೊಂಡಿತ್ತು. ಇಂಜಿನ್‌ನಿಂದ ಡ್ಯಾಶ್‌ಬೋರ್ಡಿಗೆ ಹೋಗುವ ಲೋಹದ ದಾರಿ ಇನ್ನೊಂದಿದೆಯಲ್ಲ, ಸ್ಟಾಪ್ ಕೇಬಲ್. ಅಪ್ಪನ ಕೈಗೆ ಬಿಸಿ ತಾಗಿದ್ದು ಅದಕ್ಕೇ. ಜೀಪಿನ ಕೆಳಗೆ ಬೆನ್ನು ಹಾಕಿ ಮಲಗಿಕೊಂಡೇ ಅದು ನೆನಪಾಯಿತು. ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ಲೋ ಸ್ಟಾಪ್ ಕೇಬಲ್ಲೋ ಬಿಸಿಯಾಗುತ್ತಿದ್ದರೆ ಬೇರೆ ಏನೂ ನೋಡಬೇಡಿ, ಸೀದಾ ಅರ್ತ್ ಪಟ್ಟಿ ನೋಡಿ.

ಹೊಸ ಪಟ್ಟಿ, ಲಗ್ಗು (ವೈರಿನ ತುದಿಗೆ ಹಾಕುವ ಲೋಹದ ಕೊಂಡಿ), ಹಲ್ಲಿರುವ ವಾಷರ್ ಎಲ್ಲ ಸೇರಿ 380 ರೂಪಾಯಿ. ಪಟ್ಟಿ ಎರಡು ತಂದೆ. ಒಂದು ಹಳೆ ಜಾಗಕ್ಕೆ, ಇನ್ನೊಂದು ಡೈನಮೋದ ಬ್ರಾಕೆಟ್‌ನಿಂದ ಚಾಸಿಗೆ. ಬೋಲ್ಟ್ ಕೂರುವ ಕಡೆ ಪೇಂಟು, ತುಕ್ಕು ಎಲ್ಲ ಉಜ್ಜಿ ಬಿಳಿ ಲೋಹ ಕಾಣುವ ತನಕ ಬಿಡಲಿಲ್ಲ. ಗ್ರೀಸ್ ಹಚ್ಚುವುದು ಬಿಗಿದ ಮೇಲೆ, ಮೊದಲಲ್ಲ. ಪ್ಲಸ್ ಕಡೆಯ ಲಗ್ಗನ್ನೂ ಕ್ಲೀನ್ ಮಾಡಿದೆ. ಮತ್ತೆ ಅಳೆದರೆ ಮೈನಸ್ ಕಡೆ 0.06, ಪ್ಲಸ್ ಕಡೆ 0.15, ಬ್ಯಾಟರಿಯ ಮೇಲೆ 14.1. ಸೆಲ್ಫ್ ಹೊಡೆದರೆ ಜೀಪು ಮೈ ಕೊಡವಿ ಎದ್ದಿತು. ಪಕ್ಕದಲ್ಲಿ ಮಲಗಿದ್ದ ನಾಯಿ ಹೆದರಿ ಓಡಿತು.

ಇಲ್ಲಿಗೆ ಮುಗಿಯಬೇಕಿತ್ತು. ಸಂಕ್ರಾಂತಿಗೆ ಮೂರು ದಿನ ಜೀಪು ತೆಗೆಯಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಮೀಟರ್ ಹಿಡಿದರೆ 12.3. ಸ್ಟಾರ್ಟ್ ಏನೋ ಆಯಿತು. ಆದರೆ ಮೂರು ದಿನದಲ್ಲಿ ಅಷ್ಟೊಂದು ಇಳಿಯಬಾರದು. ನಿಂತಲ್ಲೇ ಯಾರೋ ಕರೆಂಟ್ ಕುಡಿಯುತ್ತಿದ್ದಾರೆ.

ಇದಕ್ಕೆ ಮೀಟರನ್ನು ಆಂಪಿಯರ್‌ಗೆ ಹಾಕಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ನಡುವೆ ಸೇರಿಸಬೇಕು. ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಬದಲಿಸಬೇಕು. ಆಗ ಕೀ ಮುಟ್ಟಲೇಬಾರದು, ಹೀಟರೋ ಸೆಲ್ಫೋ ಹೊಡೆದರೆ ಮೀಟರ್ ಹೊಗೆ ಆಗುತ್ತೆ. ಅಳೆದ ಮೇಲೆ ಕಡ್ಡಿಯನ್ನು ವಾಪಸ್ ಹಾಕುವುದನ್ನು ಮರೆಯಬೇಡಿ. ನಾನು ಮರೆತೆ. ಹಾಗೇ ಬ್ಯಾಟರಿಯ ಎರಡು ಗುಬ್ಬಿಗೆ ಹಿಡಿದೆ. 'ಚಟ್' ಅಂತ ನೀಲಿ ಕಿಡಿ, ಕಡ್ಡಿಯ ತುದಿ ಕರಗಿ ಗುಂಡಗಾಯಿತು. ಅದು ಈಗಲೂ ಹಾಗೇ ಇದೆ.

ಕೀ ತೆಗೆದು, ಎಲ್ಲ ಆಫ್ ಮಾಡಿದ ಜೀಪು 50 ಮಿಲಿ ಆಂಪಿಯರ್ ಒಳಗೆ ಇರಬೇಕು. ನಮ್ಮಂಥ ಹಳೆ ಜೀಪಿನಲ್ಲಿ ಗಡಿಯಾರ ಕೂಡ ಇಲ್ಲ, ಹೆಚ್ಚುಕಡಿಮೆ ಸೊನ್ನೆಯೇ ಇರಬೇಕು. ಬಂದದ್ದು 310. ದಿನಕ್ಕೆ ಏಳೂವರೆ ಆಂಪಿಯರ್ ಅವರ್ ಆಯಿತು. 75ರ ಬ್ಯಾಟರಿ ಹತ್ತು ದಿನ ಸುಮ್ನೆ ನಿಂತರೆ ಬರಿದು. ಮೊದಲು ಡೈನಮೋದ ದಪ್ಪ ವೈರ್ ಬಿಚ್ಚಿ ನೋಡಿದೆ, ಯಾಕೆಂದರೆ ಡಯೋಡ್ ಸೋರಿದರೂ ಹೀಗೆ ಆಗುತ್ತೆ. 310 ಅಲುಗಲಿಲ್ಲ. ಫ್ಯೂಸ್ ಒಂದೊಂದಾಗಿ ಕಿತ್ತೆ. ಎಲ್ಲ ಫ್ಯೂಸ್ ಕಿತ್ತರೂ 310!

ಫ್ಯೂಸ್ ಇಲ್ಲದ ವೈರ್ ಒಂದು ಬ್ಯಾಟರಿಯಿಂದ ಸೀದಾ ಹೊರಟಿರಬೇಕು. ಹಿಡಿದುಕೊಂಡು ಹೋದೆ. ಮ್ಯಾಟ್ ಕೆಳಗೆ ನುಸುಳಿ ಎಡಗಡೆ ಸೀಟಿನ ಅಡಿಗೆ ಹೋಗಿತ್ತು. ಕೈ ಹಾಕಿದರೆ ಬೆಚ್ಚಗೆ ಏನೋ ತಾಗಿತು. ಇಲಿ ಅಂದುಕೊಂಡು ಕೈ ಕಿತ್ತುಕೊಂಡೆ. ಟಾರ್ಚ್ ಬಿಟ್ಟರೆ, ಹಿಂದಿನ ಯಜಮಾನರ ಹಾಡಿನ ಸೆಟ್ಟಿನ ಆಂಪ್ಲಿಫೈಯರ್! ಸೆಟ್ಟು ಕೆಟ್ಟು, ಕಿತ್ತು, ಗುಜರಿಗೆ ಹೋಗಿ ಯಾವ ಕಾಲವಾಯಿತೋ. ಇದು ಮಾತ್ರ ಹಗಲೂ ರಾತ್ರಿ ಕತ್ತಲಲ್ಲಿ ಎಚ್ಚರವಾಗಿ, ಹಾಡಿಗೆ ಕಾಯುತ್ತಾ ಕೂತಿತ್ತು. ಡೈನಮೋ ಚೆನ್ನಾಗಿದ್ದಾಗ, ದಿನಾ ಓಡಾಡುವಾಗ ಅದರ ಖರ್ಚು ನಮಗೆ ಗೊತ್ತಾಗಿರಲಿಲ್ಲ. ವೈರ್ ಕತ್ತರಿಸಿದೆ. ಮೀಟರ್ ಸೊನ್ನೆಗೆ ಬಂತು.

ಲೆಕ್ಕ ಹಾಕಿದರೆ ಬ್ಯಾಟರಿ 6,400, ಸೆಲ್ಫ್ 1,650, ಡೈನಮೋ 3,100, ಪಿಕಪ್ ಬಾಡಿಗೆ 3,600, ಮೀಟರ್ 450, ಅರ್ತ್ ಪಟ್ಟಿ ಸಾಮಾನು 380, ಬಲ್ಬ್ 20. ಒಟ್ಟು 15,600. ಇದರಲ್ಲಿ ನಿಜಕ್ಕೂ ಬೇಕಾಗಿದ್ದದ್ದು ಡೈನಮೋ, ಪಟ್ಟಿ, ಬಲ್ಬು, ಮೀಟರ್ ಅಷ್ಟೇ. ನಾಲ್ಕು ಸಾವಿರದ ಒಳಗೆ ಮುಗಿಯುವ ಕೆಲಸ. ಮೆಕ್ಯಾನಿಕ್‌ಗೆ ಅರ್ತ್ ಪಟ್ಟಿಯ ವಿಷಯ ಹೇಳಿದೆ. "ಹೌದಾ ಅಣ್ಣಾ? ಆದ್ರೂ ಸೆಲ್ಫ್ ಬುಷ್ ಸವೆದಿತ್ತು ಬಿಡಿ" ಅಂದ. ಸವೆದಿದ್ದರೂ ಇರಬಹುದು. ಅವನ ಜೊತೆ ಜಗಳ ಆಡುವ ಹಾಗಿಲ್ಲ, ಮಳೆಗಾಲಕ್ಕೆ ಕ್ಲಚ್ ಪ್ಲೇಟ್ ಅವನೇ ಹಾಕಬೇಕು.

ಆರ್‌ಸಿ ರಿನ್ಯೂವಲ್ ಕೂಡ ಹೋದ ವಾರ ಆಯಿತು. ಲೈಟು ಹಾರ್ನು ಎಲ್ಲ ನೋಡಿದರು, ಮಾತಿಲ್ಲದೆ ಮುಗಿಯಿತು. ನಿನ್ನೆ ಬಾನೆಟ್ ಎತ್ತಿದಾಗ ವ್ಯಾಕ್ಯೂಮ್ ಪಂಪಿನ ಬುಡದಲ್ಲಿ ಮತ್ತೆ ಒಂದು ಹನಿ ಎಣ್ಣೆ ಕಂಡಿತು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಪೈಪಿನ ವಾಷರ್ ಇರಬಹುದು, ಒರೆಸಿ ನೋಡಿ ಅಂದರು. ಒರೆಸಿ, ಪಕ್ಕದಲ್ಲಿ ಸೀಮೆಸುಣ್ಣದಿಂದ ತಾರೀಖು ಬರೆದಿಟ್ಟಿದ್ದೇನೆ.